ಬೂಷ್ಟು ಹಿಡಿದ ದಾನ

ಮೊದಲು ನಮ್ಮ ಮನೆಯ ತಪ್ಪನ್ನೇ ಹೇಳಿಬಿಡುತ್ತೇವೆ. ಊರವರ ತಪ್ಪನ್ನು ಎತ್ತಿ ಆಡುವ ಹಕ್ಕು ಆಮೇಲೆ ಬಂದೀತು.

ಹಿಂದಿನ ವರ್ಷ ಯುಗಾದಿಯ ಹೊತ್ತಿಗೆ ಗದಗಿನ ಕಡೆಯಿಂದ ನಮ್ಮ ಅಣ್ಣನವರು ಒಂದು ಚೀಲ ಬಿಳಿಜೋಳ ಕಳಿಸಿಕೊಟ್ಟರು. ಹಿಂಗಾರಿ ಬೆಳೆ, ಮುತ್ತಿನಂಥ ಕಾಳು. ಹಲ್ಲಿಗೆ ಇಟ್ಟರೆ ಕಟಕ್ಕೆಂದು ಒಡೆಯುವಷ್ಟು ಒಣಗಿತ್ತು. ಮುಂಬಯಿಯ ಸರ್ಕಾರಿ ವಸತಿಯ ಎರಡು ಕೋಣೆಯ ಮನೆಯಲ್ಲಿ ಚೀಲ ಇಡಲು ಜಾಗವೆಲ್ಲಿ? ಬಚ್ಚಲ ಗೋಡೆಗೆ ಒರಗಿಸಿ ನೆಲದ ಮೇಲೇ ಇಟ್ಟೆವು. ಅರ್ಧ ಚೀಲ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ಮಕ್ಕಳು ಅನ್ನವನ್ನೇ ಕೇಳಿದರು, ಜೋಳ ಹಾಗೇ ಉಳಿಯಿತು. ಶ್ರಾವಣದ ಒಂದು ಭಾನುವಾರ ಚೀಲದ ಬಾಯಿ ಬಿಚ್ಚಿ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು! ಗೋಡೆಯ ಕಡೆಗಿದ್ದ ಕಾಳು ಹೆಂಟೆ ಕಟ್ಟಿತ್ತು. ಹೆಂಟೆ ಒಡೆದರೆ ಹಳದಿ-ಹಸಿರು ಪುಡಿ ಹಾರಿತು. ಮುಗ್ಗು ವಾಸನೆ ಅಡಿಗೆಮನೆಯವರೆಗೂ ಹೋಯಿತು.

ನಮ್ಮಾಕೆ, "ಬಿಸಿಲು ಬಿದ್ದಾಗ ಒಣಗಿಸಿ, ತೊಳದು ಗಿರಣಿಗೆ ಹಾಕ್ಸಿದ್ರ ಆತು" ಎಂದರು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್‌ಸಿ. ಎನಿಸಿಕೊಂಡು, ಆಮೇಲೆ ಇಪ್ಪತ್ತು ವರ್ಷ ಕಡತಗಳ ಧೂಳು ಕುಡಿದ ನಾವು ಹೇಳಿದ್ದೇನು? "ನಮಗ ಬ್ಯಾಡ, ಕೆಲಸದಾಕಿಗೆ ಕೊಟ್ಟುಬಿಡು. ಅವರಿಗೆ ನಡೀತದ."

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಕಲಬುರಗಿ ಜಿಲ್ಲೆಯವಳು. ಅವಳೂ ಕನ್ನಡದವಳೇ. ನಮ್ಮಂತೆ ಹೊಟ್ಟೆಪಾಡಿಗೆ ಈ ಊರಿಗೆ ಬಂದವಳು. ಸಂಘದ ಸದಸ್ಯರ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಅಷ್ಟೇ. ಅವಳು ಒಂದು ಹಿಡಿ ಜೋಳ ಎತ್ತಿ ಮೂಸಿ ನೋಡಿದಳು. ವ್ಯಂಗ್ಯವಿಲ್ಲದೆ, ಬರೀ ತಿಳಿದುಕೊಳ್ಳಬೇಕೆಂದು ಕೇಳಿದಳು: "ಅವ್ವಾರ, ಇದನ್ನ ನೀವು ಉಣ್ಣಂಗಿಲ್ಲೇನ್ರೀ?"

ನಮ್ಮಾಕೆ ನಮ್ಮ ಮುಖ ನೋಡಿದರು. ನಾವು ವರ್ತಮಾನ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆವು.

ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡಲು ಕುಳಿತಿದ್ದೇವೆ. ನಮ್ಮ ವಾದ ಇಷ್ಟೇ: ಬೂಷ್ಟು ಹಿಡಿದ ಧಾನ್ಯ ಹಳೆಯ ಧಾನ್ಯವಲ್ಲ, ಅಗ್ಗದ ಧಾನ್ಯವೂ ಅಲ್ಲ, ಅದು ವಿಷವಾಗಿರಬಹುದಾದ ವಸ್ತು. ಅದನ್ನು ತೊಳೆದು ತಿನ್ನುವುದು ಅಜ್ಞಾನ. ತಾನು ತಿನ್ನದೆ ಇನ್ನೊಬ್ಬರಿಗೆ ಕೊಡುವುದು ಅಜ್ಞಾನಕ್ಕಿಂತ ಕೆಟ್ಟದ್ದು. ಒಳ್ಳೆಯ ಕಾಳು ಆ ಗತಿಗೆ ಇಳಿಯುವುದು ಬಹುಮಟ್ಟಿಗೆ ಹೊಲದಲ್ಲಲ್ಲ, ನಾವು ಅದನ್ನು ಇಟ್ಟ ಜಾಗದಲ್ಲಿ.

"ಬೂಷ್ಟಿಗೆ ಇಷ್ಟು ದೊಡ್ಡ ಮಾತೇ?" ಎನ್ನುವವರಿದ್ದಾರೆ. ಅವರಿಗಾಗಿ ಮೊದಲು ಒಂದು ಹಕ್ಕಿಯ ಕಥೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸಾಕಿದ ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಯಾವ ರೋಗಾಣುವೂ ಸಿಕ್ಕಲಿಲ್ಲ. ರೋಗದ ಹೆಸರು ತಿಳಿಯದೆ 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಕೊನೆಗೆ ಅಪರಾಧಿ ಸಿಕ್ಕಿದ್ದು ಮೇವಿನಲ್ಲಿ: ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಶಿಲೀಂಧ್ರ, ಅದು ಉಗುಳಿದ ವಿಷ. ಆ ಶಿಲೀಂಧ್ರದ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ಚೀಲದಿಂದ ಹಾರಿದ ಪುಡಿಯ ಬಣ್ಣವೂ ಅದೇ. ಬಣ್ಣ ನೋಡಿ ವಿಷ ಇದೆಯೆಂದು ಖಚಿತವಾಗಿ ಹೇಳಲಾಗದು, ನಿಜ. ಆದರೆ ಇಲ್ಲವೆಂದೂ ಹೇಳಲಾಗದು. ಪ್ರಯೋಗಶಾಲೆ ಮಾತ್ರ ಹೇಳಬಲ್ಲ ಸಂಗತಿಯನ್ನು ನಮ್ಮ ಮೂಗು, ನಾಲಿಗೆ ತೀರ್ಮಾನಿಸಲಾರವು.

ಕೋಳಿಯ ಕಥೆ ಸಾಲದೆಂದರೆ ಮನುಷ್ಯರದೂ ಇದೆ, ಅದೂ ನಮ್ಮ ದೇಶದ್ದೇ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಅದಕ್ಕೆ ಅಂಟಿಕೊಂಡ ಗುಜರಾತಿನ ಪಂಚಮಹಲ್, ಈ ಎರಡು ಜಿಲ್ಲೆಗಳಲ್ಲಿ ಮೆಕ್ಕೆಜೋಳದ ಕೊಯ್ಲಿಗೆ ಮುನ್ನ ಅಕಾಲ ಮಳೆ ಬಿತ್ತು. ಅಲ್ಲಿನ ಗಿರಿಜನರಿಗೆ ಮೆಕ್ಕೆಜೋಳವೇ ಅನ್ನ. ನೆನೆದ ತೆನೆಯನ್ನು ಸರಿಯಾಗಿ ಒಣಗಿಸುವ ಅನುಕೂಲವಿರಲಿಲ್ಲ; ಇಡಲು ಒಳ್ಳೆಯ ಕಣಜವೂ ಇರಲಿಲ್ಲ. ಬೂಷ್ಟು ಹಿಡಿಯಿತು. ಬೇರೆ ಏನೂ ಇಲ್ಲದ್ದರಿಂದ ಅದನ್ನೇ ವಾರಗಟ್ಟಲೆ ಉಂಡರು. ಮೊದಲು ಕಾಯಿಲೆ ಬಿದ್ದದ್ದು ಹಳ್ಳಿಯ ನಾಯಿಗಳು. ಆಮೇಲೆ ಮನುಷ್ಯರು: ಕಾಮಾಲೆ, ನೀರು ತುಂಬಿ ಉಬ್ಬಿದ ಹೊಟ್ಟೆ, ಕೆಟ್ಟ ಯಕೃತ್ತು. ನೂರೈವತ್ತಕ್ಕೂ ಹೆಚ್ಚು ಹಳ್ಳಿಗಳು. ದಾಖಲೆಗೆ ಬಂದ ರೋಗಿಗಳು 397, ಸತ್ತವರು 106.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆ ಮನೆಗಳ ಮೆಕ್ಕೆಜೋಳವನ್ನು ಪರೀಕ್ಷಿಸಿದಾಗ ಕಿಲೋಗ್ರಾಮಿಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಸಿಕ್ಕಿತು. ಈ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿ ಇಟ್ಟು ನೋಡಬೇಕು. ಇಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಧಾನ್ಯದಲ್ಲಿ ಒಪ್ಪುವ ಮಿತಿ ಕಿಲೋಗ್ರಾಮಿಗೆ 15 ಮೈಕ್ರೋಗ್ರಾಂ. ಎಂದರೆ ಒಂದು ಸಾವಿರ ಕಿಲೋ ಧಾನ್ಯದಲ್ಲಿ ಒಟ್ಟು 15 ಮಿಲಿಗ್ರಾಂ. ಆ ಬಡವರಲ್ಲಿ ಕೆಲವರು ಒಂದೇ ಕಿಲೋ ಕಾಳಿನಲ್ಲಿ ಅಷ್ಟನ್ನು ಉಂಡರು. ಮಿತಿಯ ಸಾವಿರ ಪಟ್ಟು! ಮರುವರ್ಷ 1975ರಲ್ಲಿ ಅದೇ ಪ್ರದೇಶದ ಮೆಕ್ಕೆಜೋಳವನ್ನು ಪರೀಕ್ಷಿಸಿದರೆ ವಿಷ ಬಹಳ ಕಡಮೆ ಇತ್ತು, ರೋಗವೂ ಮರಳಲಿಲ್ಲ. ಜನ ಅವರೇ, ಬೆಳೆ ಅದೇ, ಹೊಲ ಅದೇ. ಬದಲಾದದ್ದು ಆ ಕಾಳಿಗೆ ತಗಲಿದ ತೇವ. ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. 2004ರಲ್ಲಿ ಕೀನ್ಯಾ ದೇಶದ ಪೂರ್ವ ಭಾಗದಲ್ಲಿ ಹಸಿಯಾಗಿಯೇ ಮನೆಯೊಳಗೆ ಇಟ್ಟ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು.

ಹಾಗಾದರೆ ಕಾಳು ಇಟ್ಟಲ್ಲಿ ಏನಾಗುತ್ತದೆ? ಕಾಳು ಸತ್ತ ವಸ್ತುವಲ್ಲ, ಅದು ಉಸಿರಾಡುತ್ತದೆ. ಉಸಿರಾಟದಿಂದ ಒಂದಿಷ್ಟು ಕಾವು, ಒಂದಿಷ್ಟು ನೀರು ಹೊರಬರುತ್ತವೆ. ಚೆನ್ನಾಗಿ ಒಣಗಿದ ಕಾಳಿನಲ್ಲಿ, ಎಂದರೆ ನೂರಕ್ಕೆ ಹನ್ನೆರಡು-ಹದಿಮೂರು ಪಾಲು ತೇವವಿದ್ದಾಗ, ಈ ಉಸಿರು ಬಹಳ ಮೆಲ್ಲಗೆ. ಶಿಲೀಂಧ್ರದ ಬೀಜಕಣ ಎಲ್ಲ ಕಾಳಿನ ಮೇಲೂ ಇರುತ್ತದೆ, ಆದರೆ ನೀರಿಲ್ಲದೆ ಸುಮ್ಮನೆ ಬಿದ್ದಿರುತ್ತದೆ. ತೇವ ಹದಿನಾರು-ಹದಿನೆಂಟಕ್ಕೆ ಏರಿತೋ, ಎಚ್ಚರಗೊಳ್ಳುತ್ತದೆ. 25ರಿಂದ 35 ಡಿಗ್ರಿ ಸೆಖೆ ಅದಕ್ಕೆ ಹಬ್ಬದೂಟ. ಶಿಲೀಂಧ್ರವೂ ಉಸಿರಾಡಿ ಇನ್ನಷ್ಟು ನೀರು, ಇನ್ನಷ್ಟು ಕಾವು ಬಿಡುತ್ತದೆ. ಹುಳ, ನುಸಿ ಸೇರಿದರೆ ಸಿಪ್ಪೆಗೆ ತೂತು ಬಿದ್ದು ಒಳಗಿನ ಹಿಟ್ಟಿಗೆ ದಾರಿ ಸಿಕ್ಕಿತು. ನಮ್ಮ ಚೀಲದೊಳಗೆ ಕೈಗೆ ಬೆಚ್ಚಗೆ ತಗಲಿದ್ದು ಈ ಕಾವೇ.

ಗದಗಿನಿಂದ ಕಟಕಟನೆ ಒಣಗಿ ಬಂದ ಜೋಳಕ್ಕೆ ನೀರು ಎಲ್ಲಿಂದ ಬಂತು? ಗಾಳಿಯಿಂದ. ಕಾಳು ತನ್ನ ಸುತ್ತಲ ಗಾಳಿಯ ತೇವವನ್ನು ಹೀರಿಕೊಂಡು ಅದಕ್ಕೆ ಸಮನಾಗುವವರೆಗೂ ಬಿಡುವುದಿಲ್ಲ. ಊರಿನ ಒಣಹವೆಯಲ್ಲಿ ವರ್ಷವಿಡೀ ಕೆಡದ ಜೋಳ, ಮುಂಬಯಿಯ ಆಷಾಢ-ಶ್ರಾವಣದಲ್ಲಿ ಗಾಳಿಯ ಆರ್ದ್ರತೆ ಎಂಬತ್ತು ದಾಟಿ ವಾರಗಟ್ಟಲೆ ನಿಂತಾಗ ಮೆತ್ತಗಾಗುತ್ತದೆ. ಅದರ ಜೊತೆಗೆ ಬಚ್ಚಲ ಗೋಡೆಯ ತಂಪು, ನೆಲದ ಪಸೆ. ತಂಪು ಗೋಡೆಗೆ ತಗಲಿದ ಕಡೆ ಚೀಲದೊಳಗಿನ ಆವಿ ನೀರಾಗುತ್ತದೆ. ಅದಕ್ಕೇ ಹೆಂಟೆ ಗೋಡೆಯ ಕಡೆಯೇ ಕಟ್ಟಿತ್ತು. ಅಣ್ಣನವರು ಒಳ್ಳೆಯ ಕಾಳನ್ನೇ ಕಳಿಸಿದ್ದರು. ಕೆಡಿಸಿದವರು ನಾವು.

ಈಗ ಎದುರು ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: "ತೊಳೆದು ಒಣಗಿಸಿದರೆ ಸರಿಹೋಗುತ್ತದೆ." ತೊಳೆದರೆ ಹೋಗುವುದು ಮೇಲಿನ ಪುಡಿ. ಬಿಸಿಲಿಗೆ ಹಾಕಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಅದು ಕಾಳಿನೊಳಗೆ ಆಗಲೇ ಬಿಟ್ಟ ವಿಷ ಬಹುಪಾಲು ಹಾಗೇ ಇರುತ್ತದೆ. ಕಳ್ಳ ಓಡಿಹೋದ ಮೇಲೆ ಬಾಗಿಲು ಹಾಕಿದಂತೆ. ಬ್ರೆಡ್ಡಿನ ಮೇಲಿನ ಹಸಿರು ಚುಕ್ಕೆಯನ್ನು ಕಿತ್ತು ಉಳಿದದ್ದನ್ನು ಮಕ್ಕಳಿಗೆ ಕೊಡುವವರಿಗೂ ಇದೇ ಉತ್ತರ: ಕಣ್ಣಿಗೆ ಕಾಣುವುದು ಚುಕ್ಕೆ, ಕಾಣದ ಎಳೆಗಳು ಒಳಗೆ ಎಷ್ಟು ದೂರ ಹೋಗಿವೆಯೋ ಬಲ್ಲವರಾರು?

ಎರಡನೆಯದು: "ಬೆಂಕಿಯ ಮುಂದೆ ಯಾವ ವಿಷ ನಿಲ್ಲುತ್ತದೆ?" ಅಫ್ಲಾಟಾಕ್ಸಿನ್ ನಿಲ್ಲುತ್ತದೆ. ಅದು ಪೂರ್ತಿ ಒಡೆಯಬೇಕಾದರೆ 250 ಡಿಗ್ರಿಯ ಸುತ್ತಿನ ಕಾವು ಬೇಕು. ಕುದಿಯುವ ನೀರು ನೂರು ಡಿಗ್ರಿ, ಕುಕ್ಕರು ನೂರಿಪ್ಪತ್ತರ ಹತ್ತಿರ. ಹಂಚಿನ ಮೇಲಿನ ರೊಟ್ಟಿಯ ಮೈ ಸುಟ್ಟರೂ ಒಳಗಿನ ತಿರುಳು ನೂರನ್ನು ದಾಟುವುದಿಲ್ಲ. ಅಡಿಗೆಯಿಂದ ಸ್ವಲ್ಪ ಕಡಮೆಯಾದೀತು, ಇಲ್ಲವಾಗದು.

ಮೂರನೆಯದು ಸ್ವಲ್ಪ ಓದಿದವರದು: "ಪೆನಿಸಿಲಿನ್ ಬಂದದ್ದೂ ಬೂಷ್ಟಿನಿಂದಲೇ ಅಲ್ಲವೇ? ನಾವು ಇಡ್ಲಿಹಿಟ್ಟು ಹುಳಿ ಬರಿಸುವುದಿಲ್ಲವೇ?" ಪೆನಿಸಿಲಿನ್ ಆಯ್ದ ಒಂದು ಜಾತಿಯಿಂದ, ಪ್ರಯೋಗಶಾಲೆಯ ಕಾವಲಿನಲ್ಲಿ ಬಂದದ್ದು. ಇಡ್ಲಿಹಿಟ್ಟನ್ನು ಉಬ್ಬಿಸುವುದು ಬ್ಯಾಕ್ಟೀರಿಯಾ ಮತ್ತು ಕಿಣ್ವ ಕೆಲಸದ ಯೀಸ್ಟು, ಬೂಷ್ಟಲ್ಲ. ಹಾವಾಡಿಗನ ಬುಟ್ಟಿಯಲ್ಲಿ ಹಾವಿದೆಯೆಂದು ಹಿತ್ತಲ ಹುತ್ತಕ್ಕೆ ಯಾರಾದರೂ ಕೈ ಹಾಕುತ್ತಾರೆಯೇ?

ನಾಲ್ಕನೆಯದು ಎಲ್ಲಕ್ಕಿಂತ ಬಲವಾದದ್ದು: "ನಮ್ಮ ಅಜ್ಜ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರೇ? ಅವರು ಗಟ್ಟಿಮುಟ್ಟಾಗಿ ಬಾಳಲಿಲ್ಲವೇ?" ನೋಡುತ್ತಿದ್ದರು, ಸ್ವಾಮಿ! ನಾವು ಮರೆತದ್ದು ಅದನ್ನೇ. ಸುಗ್ಗಿಯ ಬಿಸಿಲಲ್ಲಿ ಕಣದಲ್ಲೇ ದಿನಗಟ್ಟಲೆ ಒಣಗಿಸಿ, ಕಾಳನ್ನು ಹಲ್ಲಿಗಿಟ್ಟು ಕಡಿದು ನೋಡಿ ಆಮೇಲೆ ತುಂಬುತ್ತಿದ್ದರು. ಮೊರದಲ್ಲಿ ಕೇರಿ ಜೊಳ್ಳು, ಸುಕ್ಕು, ಬಣ್ಣ ಕೆಟ್ಟ ಕಾಳನ್ನು ತೆಗೆಯುತ್ತಿದ್ದರು. ವಿಷ ಎಲ್ಲ ಕಾಳಿಗೂ ಸಮನಾಗಿ ಹಂಚಿಹೋಗಿರುವುದಿಲ್ಲ, ಕೆಟ್ಟ ಕೆಲವು ಕಾಳುಗಳಲ್ಲಿ ಕೇಂದ್ರೀಕರಿಸಿರುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಆ ಮೊರಕ್ಕೆ ಇದಕ್ಕಿಂತ ಬೇರೆ ಪ್ರಶಸ್ತಿ ಬೇಕೆ? ಕಣಜವನ್ನು ನೆಲದಿಂದ ಎತ್ತರಿಸಿ ಕಟ್ಟಿ ಸಗಣಿ-ಮಣ್ಣು ಮೆತ್ತುತ್ತಿದ್ದರು. ಕರಾವಳಿಯ ಮಳೆಗೆ ಹೆದರಿ ಅಕ್ಕಿಯನ್ನು ಹುಲ್ಲಿನ ಮುಡಿಯಲ್ಲಿ ಬಿಗಿದು ಹೊಗೆಯಾಡುವ ಕಡೆ ಇಡುತ್ತಿದ್ದರು.

ಬಯಲುಸೀಮೆಯ ಹಗೇವನ್ನಂತೂ ನೆನೆಯಲೇಬೇಕು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ ಬಾಯಿ ಮೆತ್ತಿಬಿಟ್ಟರೆ ಒಳಗಿನ ಪ್ರಾಣವಾಯುವನ್ನು ಕಾಳೇ ಉಸಿರಾಡಿ ಮುಗಿಸುತ್ತದೆ. ಆಮೇಲೆ ಹುಳವೂ ಬದುಕದು, ಬೂಷ್ಟೂ ಏಳದು. ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವು ತೆರೆದ ದಿನ ತಡಮಾಡಿ, ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಒಳಗಿನ ಗಾಳಿಯ ಗುಣ ಹಿರಿಯರಿಗೆ ಗೊತ್ತಿತ್ತು. ಗೋಡೆಗೆ ತಾಗಿದ ಕಾಳು ಪಸೆ ಹಿಡಿದು ಕೆಡುತ್ತದೆಂಬುದೂ ಗೊತ್ತಿತ್ತು. ಇಂದು ಗಾಳಿಯಾಡದ ಹೊಸ ಚೀಲಗಳೆಂದು ಮಾರಾಟವಾಗುವುದೂ ಇದೇ ತತ್ತ್ವ. ನಾವಾದರೋ ಅಜ್ಜನ ಹಗೇವನ್ನು ಬಿಟ್ಟೆವು; ಅಜ್ಜನ ಧೈರ್ಯವನ್ನು ಮಾತ್ರ ಇಟ್ಟುಕೊಂಡು ಜೋಳವನ್ನು ಬಚ್ಚಲ ಗೋಡೆಗೆ ಒರಗಿಸಿದೆವು!

ಇನ್ನೊಂದು ಮಾತು. ಈ ವಿಷ ಎಲ್ಲರನ್ನೂ ಬಾಂಸವಾಡಾದಲ್ಲಿ ಕೊಂದಂತೆ ಕೂಡಲೇ ಕೊಲ್ಲುವುದಿಲ್ಲ. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅದು ಯಕೃತ್ತಿನ ಕ್ಯಾನ್ಸರಿಗೆ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಫ್ಲಾಟಾಕ್ಸಿನ್ನನ್ನು ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ವರ್ಗದಲ್ಲಿ ಸೇರಿಸಿದೆ. ಹೆಪಟೈಟಿಸ್-ಬಿ ಸೋಂಕು ಇದ್ದವರಿಗೆ ಅಪಾಯ ಎಷ್ಟೋ ಪಟ್ಟು ಹೆಚ್ಚು. ಅಜ್ಜನ ಓರಗೆಯವರಲ್ಲಿ 'ಕಾಮಾಲೆ ಆಗಿ ಹೋದ' ಎಂದು ಹೇಳಿ ಮುಗಿಸಿದ ಸಾವುಗಳಲ್ಲಿ ಎಷ್ಟಕ್ಕೆ ಕಾಳು ಕಾರಣವೋ, ಎಣಿಸಿದವರಿಲ್ಲ. ಬದುಕಿದ ಅಜ್ಜನನ್ನು ಮಾತ್ರ ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಐದನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ಮನೆಯಲ್ಲೂ ನಡೆಯುತ್ತದೆ: "ನಮಗೆ ಬೇಡ, ಬೇರೆಯವರಿಗೆ ಆದೀತು." ಈ 'ಬೇರೆಯವರು' ಮೂವರು: ಹಸು, ಪಾರಿವಾಳ, ಬಡವ.

ಹಸುವಿಗೆ ಹಾಕಿದರೆ ಪುಣ್ಯವೆಂದು ಬೂಷ್ಟು ಹಿಡಿದ ರೊಟ್ಟಿ, ಹಿಟ್ಟು ತಂದು ಸುರಿಯುವವರನ್ನು ದಿನವೂ ನೋಡುತ್ತೇವೆ. ಹಸು ತಿಂದ ಅಫ್ಲಾಟಾಕ್ಸಿನ್ನಿನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷೆಗೆ ತೆಗೆದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಈ ವಿಷ ಮಿತಿ ಮೀರಿತ್ತು. ಕಾರಣ ಮುಖ್ಯವಾಗಿ ಮೇವು, ಹಿಂಡಿ. ಅಮ್ಮಂದಿರೇ, ಹಸುವಿಗೆ ಕೊಟ್ಟದ್ದು ಹಸುವಿನಲ್ಲೇ ನಿಲ್ಲುವುದಿಲ್ಲ. ಅದು ಯಾರದೋ ಮಗುವಿನ ಲೋಟಕ್ಕೆ ಮರಳುತ್ತದೆ. ಇನ್ನು ಪಾರಿವಾಳಕ್ಕೆ ಎರಚುವವರು ಆ ಒಂದು ಲಕ್ಷ ಟರ್ಕಿ ಕೋಳಿಗಳನ್ನು ನೆನೆದರೆ ಸಾಕು.

ಉಳಿದವನು ಬಡವ. 2019ರ ಆಗಸ್ಟಿನಲ್ಲಿ ಕೃಷ್ಣೆ-ಮಲಪ್ರಭೆಯರು ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದಾಗ ಹೊರನಾಡ ಕನ್ನಡಿಗರು ತೋರಿದ ಅಂತಃಕರಣ ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಧಾನ್ಯ ಒಟ್ಟುಮಾಡುವ ಒಂದು ಕಡೆ ನಾವೂ ಚೀಲ ಹೊಲಿಯಲು ಕುಳಿತಿದ್ದೆವು. ಬಂದ ಗಂಟುಗಳಲ್ಲಿ ಮೂಗು ಮುಚ್ಚಿಕೊಳ್ಳುವಂಥವೂ ಇದ್ದವು. ಆಯ್ದು ತೆಗೆಯೋಣವೆಂದರೆ ಒಬ್ಬರು, "ಹಸಿದವರಿಗೆ ಇದೂ ಇಲ್ಲವಲ್ಲ" ಎಂದರು. ಆಗ ನಾವು ತಲೆಯಾಡಿಸಿದೆವು. ಇಂದಾದರೆ ಆಡಿಸುವುದಿಲ್ಲ. ಹಸಿದವನು ಅದನ್ನೇ ದಿನವೂ, ಹೊಟ್ಟೆತುಂಬ ತಿನ್ನುತ್ತಾನೆ. ನಮ್ಮಂತೆ ಒಂದು ದಿನ ರೊಟ್ಟಿ, ಒಂದು ದಿನ ಅನ್ನ ಎನ್ನುವ ಆಯ್ಕೆ ಅವನಿಗಿಲ್ಲ. ಬಾಂಸವಾಡಾದಲ್ಲಿ ಸಾವು ಬಂದದ್ದು ಬೂಷ್ಟಿನಿಂದ ಮಾತ್ರವಲ್ಲ, ಬೇರೆ ಅನ್ನವಿಲ್ಲದ್ದರಿಂದ. ಬಡವನಿಗೆ 'ನಡೀತದ' ಎನ್ನುವುದು ತಲೆಕೆಳಗಾದ ಲೆಕ್ಕ. ಅವನಿಗೇ ಅದು ಎಲ್ಲರಿಗಿಂತ ಮೊದಲು ನಡೆಯದು.

ಕಠೋಪನಿಷತ್ತಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಯಜ್ಞ ಮಾಡಿದ ತಂದೆ, ಹಾಲು ಬತ್ತಿ ಹುಲ್ಲು ಮೇಯಲೂ ಆಗದ ಮುದಿ ಹಸುಗಳನ್ನು ದಾನಕ್ಕೆ ಹೊಡೆದು ನಿಲ್ಲಿಸಿದ. ಅದನ್ನು ಕಂಡ ನಚಿಕೇತನಿಗೆ ತಡೆಯಲಾಗಲಿಲ್ಲ. ತಂದೆಯನ್ನು ಒಂದು ಪ್ರಶ್ನೆ ಕೇಳಿದ, ಕೇಳುತ್ತಲೇ ಹೋದ. ನಮ್ಮ ಮನೆಗೆಲಸದ ಹೆಂಗಸು ಕೇಳಿದ್ದೂ ಆ ಜಾತಿಯ ಪ್ರಶ್ನೆಯೇ.

ಇಷ್ಟು ಹೇಳಿದ ಮೇಲೆ ಸರ್ಕಾರದ ಮಾತು ಬಾರದಿದ್ದರೆ ಪಕ್ಷಪಾತವಾದೀತು. ನಾವು ಕೇಂದ್ರ ಸರ್ಕಾರದ ಗುಮಾಸ್ತರು. 1964ರ ನಡವಳಿಕೆ ನಿಯಮಗಳಲ್ಲಿ 9ನೆಯದು ಸರ್ಕಾರವನ್ನು ಟೀಕಿಸಬಾರದೆನ್ನುತ್ತದೆ. ಆದ್ದರಿಂದ ಟೀಕಿಸುವುದಿಲ್ಲ, ಲೆಕ್ಕ ಮಾತ್ರ ಒಪ್ಪಿಸುತ್ತೇವೆ. ಖರೀದಿಯ ಕಾಲದಲ್ಲಿ ಗೋದಿಯ ತೇವ ನೂರಕ್ಕೆ 14 ಮೀರಿದರೆ ಕೊಳ್ಳಬಾರದೆಂಬ ನಿಯಮವಿದೆ. ಒಳ್ಳೆಯ ನಿಯಮ. ಗೋದಾಮು ಸಾಲದಾದಾಗ ಕಟ್ಟೆಯ ಮೇಲೆ ಮರದ ಹಲಗೆ ಹಾಸಿ, ಚೀಲ ಒಟ್ಟಿ, ಪಾಲಿಥೀನ್ ಹೊದಿಸುವ ಪದ್ಧತಿಯೂ ಇದೆ. ಸ್ವಲ್ಪ ಕಾಲಕ್ಕೆ ಅದು ಸರಿ. ಮಳೆಗಾಲಗಳನ್ನು ದಾಟಿಸಿದರೆ ಹೊದಿಕೆಯೊಳಗೇ ಬೆವರು ಕಟ್ಟುತ್ತದೆ. 2010ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಧಾನ್ಯವನ್ನು ಕೊಳೆಯಲು ಬಿಡುವ ಬದಲು ಹಸಿದವರಿಗೆ ಹಂಚಿ ಎಂದಿತು. ಆ ಮಾತಿನ ಅರ್ಥ ಕೊಳೆಯುವ ಮುನ್ನ ಹಂಚಿ ಎಂದು, ಕೊಳೆತದ್ದನ್ನು ಹಂಚಿ ಎಂದಲ್ಲ. ಪಡಿತರದಂಗಡಿಯಲ್ಲಿ ಹೆಂಟೆ ಕಟ್ಟಿದ ಕಾಳು ತೂಗಿದರೆ 'ಪುಕ್ಕಟೆ ಬಂದದ್ದು' ಎಂದು ಸುಮ್ಮನಾಗಬಾರದು. ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದೆಂಬ ಗಾದೆ ಇಲ್ಲಿ ಸಲ್ಲದು. ಪಡಿತರ ದಾನವಲ್ಲ, 2013ರ ಕಾಯಿದೆ ಕೊಟ್ಟ ಹಕ್ಕು.

ಗೋದಾಮಿನದಷ್ಟೇ ದೋಷವೆಂದೂ ನಾವು ಹೇಳೆವು. ಕೆಲವು ಬಗೆಯ ಶಿಲೀಂಧ್ರ ಹೊಲದಲ್ಲೇ ತೆನೆಗೆ ಹತ್ತುತ್ತದೆ. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಗುಡುಗುಟ್ಟುವಿಕೆ, ಭೇದಿ ಹತ್ತಿದವು. ಅಲ್ಲಿ ಸಿಕ್ಕಿದ ವಿಷ ಫ್ಯುಮೋನಿಸಿನ್. ಆ ಕಾಳನ್ನು ತಿನ್ನದ ಮನೆಗಳಲ್ಲಿ ರೋಗವಿರಲಿಲ್ಲ. ಹೊಲದಲ್ಲಿ ಹತ್ತಿದ್ದನ್ನು ಕಣಜ ಕಳೆಯಲಾರದು, ಆದರೆ ತೇವವಿದ್ದರೆ ಬೆಳೆಸಬಲ್ಲದು. ಮುಂಗಾರಿನ ಮೆಕ್ಕೆಜೋಳ ಕೊಯ್ಲಾಗುವುದು ಮಳೆ ಇನ್ನೂ ಬಿಡದ ಕಾಲದಲ್ಲಿ. ದಾವಣಗೆರೆ, ಹಾವೇರಿಯ ರಸ್ತೆಗಳ ಮೇಲೆ ರೈತ ಅದನ್ನು ಹರವುವುದು ಮೋಜಿಗಲ್ಲ, ಒಣಗಿಸಲು ಕಣವಿಲ್ಲವೆಂದು. ಊರಿಗೆ ಹೋದಾಗ ಕಾರಿನಿಂದ ಮುಖ ಹೊರಹಾಕಿ ಆ ರೈತನನ್ನು ಬಯ್ಯುವ ಬದಲು, ಹಳ್ಳಿಗೊಂದು ಒಣಗಿಸುವ ಕಟ್ಟೆ ಬೇಕೆಂದು ನಮ್ಮ ಶಾಸಕರಿಗೆ ಎರಡು ಸಾಲು ಬರೆಯಬಾರದೇಕೆ?

ಮನೆಯಲ್ಲಿ ಏನು ಮಾಡಬೇಕೆಂಬುದು ಸುಲಭ. ಮಳೆಗಾಲಕ್ಕೆ ಒಂದು ತಿಂಗಳಿಗಾಗುವಷ್ಟು ಕಾಳು ಮಾತ್ರ ಇಟ್ಟುಕೊಳ್ಳಬೇಕು. ಊರಿಂದ ಚೀಲ ಬಂದರೆ ಬೇಸಗೆಯಲ್ಲೇ ನಾಲ್ಕು ಮನೆಗೆ ಹಂಚಿಬಿಡಬೇಕು. ಆಗ ಕೊಟ್ಟದ್ದೇ ನಿಜವಾದ ದಾನ. ಉಳಿದದ್ದನ್ನು ಮೇ ತಿಂಗಳ ಬಿಸಿಲಿಗೆ ಮತ್ತೊಮ್ಮೆ ಹಾಕಿ, ಆರಿಸಿ, ಬಿಗಿಮುಚ್ಚಳದ ಡಬ್ಬಿಗೆ ತುಂಬಬೇಕು. ಒಣಗದ ಕಾಳಿಗೆ ಬಿಗಿ ಡಬ್ಬಿ, ಪ್ಲಾಸ್ಟಿಕ್ ಚೀಲ ಎರಡೂ ಶತ್ರು, ಒಳಗೇ ಬೆವರುತ್ತದೆ. ಡಬ್ಬಿ ಮಣೆಯ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ. ಒದ್ದೆ ಕೈ, ಒದ್ದೆ ಸೇರು ಒಳಗೆ ಹೋಗಬಾರದು. ಬೇವಿನ ಎಲೆ ಹುಳಕ್ಕೆ ಮದ್ದು, ತೇವಕ್ಕಲ್ಲ. ಹಸಿ ಎಲೆ ಹಾಕಿದರೆ ನಾವೇ ನೀರು ಸೇರಿಸಿದಂತೆ. ಹಿಟ್ಟು ಕಾಳಿಗಿಂತ ಬೇಗ ಕೆಡುತ್ತದೆ, ಎಂಟು ದಿನಕ್ಕಾಗುವಷ್ಟೇ ಬೀಸಿಸಿ. ಇಷ್ಟಾಗಿಯೂ ಬೂಷ್ಟು ಕಂಡರೆ, ಹೆಂಟೆ ಕಟ್ಟಿದರೆ, ಮುಗ್ಗಿದರೆ ಕಸದ ಬುಟ್ಟಿಗೆ ಹಾಕಿ. ಅನ್ನಪೂರ್ಣೆಯನ್ನು ಕಸಕ್ಕೆ ಎಸೆಯುವುದೇ ಎಂದು ಹಿರಿಯರಿಗೆ ಸಂಕಟವಾದೀತು. ಎಸೆಯುವುದು ಪಾಪವೆಂದು ಅನ್ನಿಸಿದರೆ ಒಳ್ಳೆಯದೇ. ಆ ಪಾಪಭೀತಿ ಕೆಡದಂತೆ ಇಡುವಾಗ ಇರಬೇಕಿತ್ತು.

ಕೊನೆಗೆ ನಮ್ಮ ಸಂಘಸಂಸ್ಥೆಗಳಿಗೆ ಒಂದು ಅರಿಕೆ. ಇನ್ನು ಮುಂದೆ ನೆರೆಗಾಗಲಿ ಬರಕ್ಕಾಗಲಿ ಧಾನ್ಯ ಸಂಗ್ರಹಿಸುವಾಗ ಒಂದೇ ನಿಯಮವಿರಲಿ: ಕೊಡುವವರು ಇಂದು ರಾತ್ರಿ ತಮ್ಮ ಮನೆಯಲ್ಲಿ ಬೇಯಿಸಿ ಉಣ್ಣಬಹುದಾದದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಮಳೆಯಲ್ಲಿ ಚೀಲ ಸಾಗಿಸುವುದಕ್ಕಿಂತ ಹಣ ಕಳಿಸಿ ಅಲ್ಲೇ ಒಳ್ಳೆಯ ಕಾಳು ಕೊಳ್ಳುವುದು ಮೇಲು. ಬೇಸರಗೊಳ್ಳುವ ದಾನಿಗಳಿದ್ದರೆ ಬೇಸರಗೊಳ್ಳಲಿ.

ನಮ್ಮ ಆ ಅರ್ಧ ಚೀಲ ಜೋಳ ಅಂದೇ ಮಧ್ಯಾಹ್ನ ಕಸದ ಗಾಡಿಗೆ ಹೋಯಿತು. ಸಂಜೆ ಅಂಗಡಿಯಿಂದ ಎರಡು ಪೊಟ್ಟಣ ಜೋಳ ತಂದೆವು. ಒಂದು ನಮ್ಮ ಮನೆಗೆ, ಒಂದು ಅವಳಿಗೆ. ಅವಳು ಬಿಚ್ಚಿ ಮೂಸಿ ನೋಡಲಿಲ್ಲ. "ನೀವೂ ಇದನ್ನ ತಂದೀರೇನ್ರೀ?" ಎಂದಳು. ಹೌದೆಂದೆವು. ಆ ಉತ್ತರಕ್ಕೆ ಪತ್ರಿಕೆಯ ಮರೆ ಬೇಕಾಗಲಿಲ್ಲ.